ಹಳೇ ಮನೆ ಒಡೆದ ಜಾಗದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿಯುವವರಿಗೆ

ಮಂಗಳೂರಿನ ರಥಬೀದಿ, ಬಂದರು ಕಡೆ ಹಳೇ ಹೆಂಚಿನ ಮನೆ ಒಡೆಯುವುದು ಕಂಡರೆ ಕೈ ತುರಿಸುತ್ತದೆ, ಅಲ್ವಾ? ಮೊದಲು ಮನೆಯವರನ್ನೂ ಕಂಟ್ರಾಕ್ಟರನ್ನೂ ಕೇಳಿ. ಜೆಸಿಬಿ ಓಡುವಾಗ ಒಳಗೆ ಕಾಲಿಡಲೇಬೇಡಿ.

ನಮ್ಮೂರಿನ ದೊಡ್ಡ ತಲೆನೋವು ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಮಿಷನ್ ಸುಮ್ನೆ ಕೂಗುತ್ತಲೇ ಇರುತ್ತದೆ. ಅಲ್ಲಿನ ಮಣ್ಣಿನ ಮೇಲೆಯೇ ಗ್ರೌಂಡ್ ಬ್ಯಾಲೆನ್ಸ್ ಮಾಡಿ (ಬರೀ ಮಣ್ಣಿಗೆ ಕೂಗದ ಹಾಗೆ ಮಿಷನ್ ಹೊಂದಿಸಿ), ಸೆನ್ಸಿಟಿವಿಟಿ ಇಳಿಸಿ. ಆಳ ಸ್ವಲ್ಪ ಕಮ್ಮಿಯಾಗುತ್ತದೆ, ಪರವಾಗಿಲ್ಲ. ಮಾಡಿನ ಮರದ ಪಕ್ಕಾಸು, ರೀಪಿನ ಮೊಳೆಗಳು ಎಲ್ಲೆಡೆ ಚೆಲ್ಲಿರುತ್ತವೆ. ಹಾಗಾಗಿ ಸಣ್ಣ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಒಳ್ಳೇದು, ಮೊಳೆ ಪಕ್ಕದ ನಾಣ್ಯವನ್ನು ಬೇರೆಯಾಗಿ ಹಿಡಿಯುತ್ತದೆ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಆಡಿಸಿ. ಎರಡೂ ಸಲ ಒಂದೇ ಸದ್ದು ಬಂದರೆ ಮಾತ್ರ ಅಗೆಯಿರಿ.

ಹೊಸ್ತಿಲು, ಜಗಲಿ, ಬಾವಿಕಟ್ಟೆ ಇದ್ದ ಜಾಗ ಮೊದಲು ನೋಡಿ. ಹಸಿರು ಹಿಡಿದ ತಾಮ್ರದ ಕಾಲಾಣೆ ಸಿಕ್ಕರೆ ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ! ಅಕ್ಷರವೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ನೀರಲ್ಲಿ ನೆನೆಸಿದರೆ ಸಾಕು.

ನಾಣ್ಯದ ಗಂಟೋ ಒಡವೆಯೋ ಸಿಕ್ಕರೆ ಜೇಬಿಗಿಳಿಸುವ ಹಾಗಿಲ್ಲ. ನಿಧಿಗೆ 1878ರಿಂದಲೇ ಕಾಯ್ದೆ ಇದೆ, ಕರ್ನಾಟಕದ್ದು 1962ರದ್ದು. ಮನೆಯವರಿಗೆ ಹೇಳಿ, ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ.