ಆರ್ಥಿಕ ಗಣತಿಗೆ ಹೊರಟವರೇ, ಬೋರ್ಡ್ ನಂಬಬೇಡಿ

ಮೊದಲ ಸಲ ಆರ್ಥಿಕ ಗಣತಿಗೆ, ಅಂದರೆ ಊರಿನ ಅಂಗಡಿ, ವ್ಯಾಪಾರ, ಸಣ್ಣಪುಟ್ಟ ದುಡಿಮೆ ಮತ್ತು ಅಲ್ಲಿ ಕೆಲಸ ಮಾಡುವವರನ್ನು ಎಣಿಸಲು ಹೋಗುತ್ತಿರುವವರಿಗೆ ಒಂದು ಮಾತು. ಫಾರ್ಮ್ ತುಂಬುವುದು ಕಷ್ಟವಲ್ಲ, ಪಟ್ಟಿ ಮಾಡುವುದೇ ಕಷ್ಟ.

ಪೆನ್ನು ತೆಗೆಯುವ ಮುಂಚೆ ನಿಮ್ಮ ಬ್ಲಾಕಿನ (ಎಣಿಸಲು ನಿಮಗೆ ಕೊಟ್ಟ ಪ್ರದೇಶದ) ಗಡಿ ಪೂರ್ತಿ ಒಂದು ಸುತ್ತು ನಡೆದು ಬನ್ನಿ. ಕೈಯಲ್ಲೇ ಒಂದು ಒರಟು ನಕ್ಷೆ ಬರೆದುಕೊಳ್ಳಿ. ಆಮೇಲೆ ಒಂದು ಮೂಲೆಯಿಂದ ಶುರು ಮಾಡಿ, ಸಾಲು ಬಿಡದೆ ಕಟ್ಟಡಗಳಿಗೆ ನಂಬರ್ ಹಾಕುತ್ತಾ ಹೋಗಿ. ಖಾಲಿ ಕಟ್ಟಡಕ್ಕೂ ನಂಬರ್ ಬೇಕು. ಹಿತ್ತಿಲ ಶೆಡ್, ಮೇಲಿನ ಮಹಡಿ ಮರೆಯಬೇಡಿ.

ಬೋರ್ಡ್ ಇರುವ ಅಂಗಡಿ ಹೇಗೂ ಸಿಗುತ್ತದೆ. ತಪ್ಪಿಹೋಗುವುದು ಮನೆಯೊಳಗಿನ ದುಡಿಮೆ. "ಇಲ್ಲಿ ವ್ಯಾಪಾರ ಏನಾದರೂ ಇದೆಯಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ. ನಾನೂ ಒಂದು ಮನೆಯಲ್ಲಿ ಹಾಗೇ ಬರೆದುಕೊಂಡು ಗೇಟು ದಾಟುತ್ತಿದ್ದೆ, ಒಳಗಿಂದ ಹೊಲಿಗೆ ಮಷಿನ್ ಸದ್ದು ಕೇಳಿಸಿತು! ತಿಂಗಳುಗಳಿಂದ ಬ್ಲೌಸ್ ಹೊಲಿದು ಕೊಡುತ್ತಿದ್ದರಂತೆ. ಅವರಿಗೆ ಅದು ವ್ಯಾಪಾರ ಅಂತ ಅನಿಸಿರಲಿಲ್ಲ, ಅಷ್ಟೇ. ಅಂದಿನಿಂದ "ಹೊಲಿಗೆ, ಟ್ಯೂಷನ್, ಅಡುಗೆ ಆರ್ಡರ್, ರಿಪೇರಿ ಏನಾದರೂ ಮಾಡ್ತೀರಾ?" ಅಂತ ಬಿಡಿಸಿ ಕೇಳುತ್ತೇನೆ.

ತಳ್ಳುಗಾಡಿಯಲ್ಲಿ ತಿರುಗಿ ಮಾರುವವರನ್ನು ಸಾಮಾನ್ಯವಾಗಿ ಅವರ ಮನೆಯಲ್ಲೇ ಎಣಿಸುತ್ತಾರೆ. ಬೀದಿಯಲ್ಲಿ ಕಂಡಾಗ ಮತ್ತೆ ಬರೆದರೆ ಲೆಕ್ಕ ಎರಡಾಗುತ್ತದೆ. ಈ ವಿಷಯದಲ್ಲಿ ನಿಮ್ಮ ಕೈಪಿಡಿ ಏನು ಹೇಳುತ್ತದೋ ಹಾಗೇ ಮಾಡಿ.

ಇನ್ನೊಂದು, "ಎಷ್ಟು ಜನ ಕೆಲಸ ಮಾಡ್ತಾರೆ?" ಅಂದರೆ ಮಾಲೀಕರು ತಮ್ಮನ್ನೇ ಬಿಟ್ಟು ಹೇಳುತ್ತಾರೆ. ಸಂಬಳವಿಲ್ಲದೆ ಗಲ್ಲಾದಲ್ಲಿ ಕೂರುವ ಹೆಂಡತಿ, ಮಗನೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಬೀಗ ಹಾಕಿದ್ದರೆ ಸಂಜೆ ಇನ್ನೊಮ್ಮೆ ಹೋಗಿ. ಪಕ್ಕದ ಮನೆಯವರು ಹೇಳಿದ್ದನ್ನು ಸುಮ್ನೆ ತುಂಬಿ ಮುಗಿಸಬೇಡಿ.