ಕಾಯರ್ ಮೊದಲು, ವಯಲಿನ್ ಆಮೇಲೆ: ಗೀತೆಗಳ ಆಲ್ಬಮ್ ಮಾಡಿದ ನನ್ನ ಅನುಭವ

ಚರ್ಚಿನ ಗೀತೆ ರೆಕಾರ್ಡ್ ಮಾಡುವಾಗ ಮೊದಲು ಸ್ಟ್ರಿಂಗ್ಸ್ (ವಯಲಿನ್ ಥರದ ತಂತಿವಾದ್ಯ), ಆಮೇಲೆ ಕಾಯರ್ (ಗುಂಪಾಗಿ ಹಾಡುವವರು). ಎಲ್ಲರೂ ಮಾಡುವ ಕ್ರಮ ಇದು. ನಾನು ತಿರುಗಿಸಿ ಮಾಡುತ್ತೇನೆ ಅಂದಾಗ ಮಂಗಳೂರಿನ ಸೌಂಡ್ ಗೆಳೆಯರು ನಕ್ಕರು. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹಾಡುಗಳು ಬಾಸೆಲ್ ಮಿಶನ್ (ಕರಾವಳಿಗೆ ಬಂದ ಸ್ವಿಸ್-ಜರ್ಮನ್ ಪಾದ್ರಿಗಳ ಸಂಸ್ಥೆ) ಕಾಲದವು. ಜರ್ಮನ್ ರಾಗ, ಕನ್ನಡ ಮಾತು, ನಾಲ್ಕು ದನಿ: ಮೇಲಿನಿಂದ ಕೆಳಕ್ಕೆ ಸೊಪ್ರಾನೋ, ಆಲ್ಟೋ, ಟೆನರ್, ಬೇಸ್. ಬರೆದವರು ತೀರಿಕೊಂಡು 60 ವರ್ಷ ಯಾವಾಗಲೋ ದಾಟಿದೆ, ಹಾಗಾಗಿ ಕಾಪಿರೈಟ್ ಖರ್ಚಿಲ್ಲ. ಹೊಸ ಪುಸ್ತಕಗಳಲ್ಲಿ ಸಾಲು ತಿದ್ದಿರುತ್ತಾರೆ, ಹಳೇ ಮುದ್ರಣ ಹುಡುಕಿ ಹಾಡಿಸಿ.

ಮೊದಲ ಸಲ ಎಲ್ಲರ ಕ್ರಮದಲ್ಲೇ ಹೋದೆವು. ಚೆನ್ನೈಯಲ್ಲಿ ಕ್ಲಿಕ್ (ಕಿವಿಯಲ್ಲಿ ಲಯ ಹೇಳುವ ಟಿಕ್ ಟಿಕ್) ಮೇಲೆ ಸ್ಟ್ರಿಂಗ್ಸ್ ನುಡಿಸಿಸಿ ತಂದು, ಮೂವತ್ತು ಜನಕ್ಕೆ ಹೆಡ್‌ಫೋನ್ ಹಾಕಿಸಿ ಹಾಡಿಸಿದ್ದು. ಈ ಗೀತೆಗಳಲ್ಲಿ ಪ್ರತಿ ಸಾಲಿನ ಕೊನೆಗೆ ಫರ್ಮಾಟ (ಸ್ವರವನ್ನು ಹಿಡಿದು ನಿಲ್ಲಿ ಅನ್ನುವ ಗುರುತು) ಇರುತ್ತದಲ್ವಾ, ಅಲ್ಲಿ ಕಾಯರ್ ನಿಲ್ಲುತ್ತದೆ, ಉಸಿರು ತಗೊಳ್ಳುತ್ತದೆ, ಕ್ಲಿಕ್ ಮಾತ್ರ ಯಾರಿಗೂ ಕಾಯುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡ ಆಲ್ಟೋಗೆ ಪಕ್ಕದ ಟೆನರ್ ಕೇಳಿಸುವುದೂ ಇಲ್ಲ. ಅರವತ್ತು ಸಾವಿರದ ಹತ್ತಿರ ನೀರಲ್ಲಿ ಹೋಮ.

ಎರಡನೇ ಸಲ ಕ್ಲಿಕ್ ಬಿಟ್ಟೆವು. ಚರ್ಚಿನಲ್ಲೇ, ಎದುರು ನಿಂತು ಹಾಡಿಸುವ ಕಂಡಕ್ಟರ್ ಕೈ ನೋಡಿ ಹಾಡುವುದು. ಜಾಗವೇನೋ ಚೆನ್ನ, ಮೂರು ಸೆಕೆಂಡಿನಷ್ಟು ರಿವರ್ಬ್ (ದನಿಯ ಅನುರಣನ). ಆದರೆ ಸದ್ದಿಲ್ಲದ ರಾತ್ರಿ ಬೇಕಲ್ಲ? ಮಳೆಗಾಲದಲ್ಲಿ ಹಂಚಿನ ಮಾಡು ಮೈಕಿಗೆ ಬೇರೇನನ್ನೂ ಕೇಳಿಸುವುದಿಲ್ಲ. ಮಳೆ ಮುಗಿದರೆ ಯಕ್ಷಗಾನದ ಆಟ, ಭೂತದ ನೇಮ, ಕೋಲದ ಧ್ವನಿವರ್ಧಕ. ಕೊನೆಗೆ ಸಿಕ್ಕಿದ್ದು ಅಕ್ಟೋಬರ್ ಕೊನೆಯ ರಾತ್ರಿಗಳು, ಹನ್ನೊಂದರ ಮೇಲೆ. ಅದರಲ್ಲೂ ಒಂದು ರಾತ್ರಿ ಗುಡುಗಿಗೆ ಹೋಯಿತು. ಫ್ಯಾನ್ ಆಫ್, ಇನ್ವರ್ಟರ್ ಆಫ್, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ. ಬೇಸ್ ಹಾಡುವವರ ಶರ್ಟು ಹಿಂಡಿದರೆ ಬಕೆಟ್ ತುಂಬುತ್ತಿತ್ತು.

ಓಆರ್‌ಟಿಎಫ್ ಜೋಡಿ (ಹತ್ತಿರ ಹತ್ತಿರ, ಓರೆಯಾಗಿ ಇಡುವ ಎರಡು ಮೈಕು) ಇಟ್ಟು ನೋಡಿದೆ, ದನಿ ತೆಳ್ಳಗಾಯಿತು. ಮೂರು ಓಮ್ನಿಯ (ಎಲ್ಲ ದಿಕ್ಕಿನ ಸದ್ದು ಹಿಡಿಯುವ ಮೈಕು) ಡೆಕ್ಕಾ ಟ್ರೀಯನ್ನು, ಅಂದರೆ ತ್ರಿಕೋನದಲ್ಲಿ ಕಟ್ಟಿದ ಮೈಕುಗಳನ್ನು, ಸುಮಾರು ಹತ್ತಡಿ ಎತ್ತರಕ್ಕೆ ಏರಿಸಿದ ಮೇಲೆ ಸರಿಹೋಯಿತು. ಸೊಪ್ರಾನೋ ಒಂದು ಕಡೆ, ಬೇಸ್ ಒಂದು ಕಡೆ ನಿಲ್ಲಿಸುವುದನ್ನೂ ಬಿಟ್ಟು ನಾಲ್ಕೂ ದನಿ ಬೆರೆಸಿ ನಿಲ್ಲಿಸಿದೆ. ಶ್ರುತಿ ಆಗಲೇ ಅರ್ಧ ಗಟ್ಟಿಯಾಯಿತು. ಉಳಿದರ್ಧಕ್ಕೆ ಎಲೆಕ್ಟ್ರಾನಿಕ್ ತಂಬೂರ. ಕಂಡಕ್ಟರನ ಒಂದು ಕಿವಿಗೆ ಮಾತ್ರ. ರಾಗ ಐದನೇ ಸ್ವರದ ಕಡೆ ವಾಲಿದಾಗ ತಂಬೂರ ದಾರಿ ತಪ್ಪಿಸುತ್ತದೆ, ಹಾಗಾಗಿ ಒಂದು ಚರಣಕ್ಕೂ ಮುಂದಿನದಕ್ಕೂ ನಡುವೆ ಮಾತ್ರ ಅದನ್ನು ಕೇಳಿಸಬೇಕು. ಅದನ್ನು ಯಾರು, ಯಾವಾಗ ಒತ್ತಬೇಕು ಅನ್ನೋದು ನಮ್ಮಲ್ಲೇ ಇರಲಿ!

ಕ್ಲಿಕ್ ಇಲ್ಲದೆ ಸ್ಟ್ರಿಂಗ್ಸ್ ಹೇಗೆ ಕೂರಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕೈಯಿಂದ ಟೆಂಪೋ ಮ್ಯಾಪ್ (ಎಲ್ಲೆಲ್ಲಿ ಲಯ ಏರಿಳಿಯುತ್ತದೆ ಅನ್ನುವ ಗುರುತು) ಮಾಡಿದೆ, ಹಾಡಿಗೆ ಎರಡು ಗಂಟೆ ಹಿಡಿಯಿತು, ಸುಮ್ನೆ ದಂಡ. ಉಪಯೋಗಕ್ಕೆ ಬಂದದ್ದು ವಿಡಿಯೊ. ಕಾಯರ್ ಹಾಡುವಾಗ ಕಂಡಕ್ಟರ್ ಎದುರಿಗೊಂದು ಫೋನ್ ಇಟ್ಟಿದ್ದೆ. ಆರು ಜನ ವಾದಕರು ಆ ಕೈ ನೋಡಿಕೊಂಡೇ ನುಡಿಸಿದರು. ಫೋನಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಏರಿಳಿಯುತ್ತದೆ, ಮೊದಲು ಅದನ್ನು ಸ್ಥಿರ ಮಾಡಿಕೊಳ್ಳಿ. ಅವರ ಕುರ್ಚಿ ಬದಲಿಸಿ ಮೂರು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಕೂರಿಸಿದೆ, ಹದಿನೆಂಟು ಜನ ಕೂತ ಹಾಗೆ ಕೇಳಿಸುತ್ತದೆ.

ಸ್ಟ್ರಿಂಗ್ಸ್ ತೆಗೆದದ್ದು ಮನೆಯ ಒಣ (ಅನುರಣನ ಇಲ್ಲದ) ಕೋಣೆಯಲ್ಲಿ. ಚರ್ಚಿನಲ್ಲಿ ಬಲೂನ್ ಒಡೆದು ಅಲ್ಲಿನ ಇಂಪಲ್ಸ್ (ಆ ಜಾಗದ ಅನುರಣನದ ಅಚ್ಚು) ಹಿಡಿದು ಕಂಪ್ಯೂಟರಿನಲ್ಲಿ ಹಾಕಿದೆ, ಒಪ್ಪಲಿಲ್ಲ. ಆಮೇಲೆ ಆ ಟ್ರ್ಯಾಕನ್ನೇ ಎರಡು ಸ್ಪೀಕರಿನಲ್ಲಿ ಚರ್ಚಿನೊಳಗೆ ನುಡಿಸಿ, ಅದೇ ಮೂರು ಮೈಕಿನಲ್ಲಿ ಮತ್ತೆ ಹಿಡಿದೆ. ಕಾಯರ್ ಮತ್ತು ವಯಲಿನ್ ಒಂದೇ ಗಾಳಿಗೆ ಬಂದವು. ಸ್ಪೀಕರ್ ಯಾವ ಕಡೆ ತಿರುಗಿಸಿದ್ದೆ ಅಂತ ಕೇಳಬೇಡಿ.

ಒಟ್ಟು ಮೂರು ಲಕ್ಷದ ಆಸುಪಾಸು, ಅದರಲ್ಲಿ ವಾದಕರಿಗೇ ಒಂದು ಲಕ್ಷ ಚಿಲ್ಲರೆ. ಸ್ಟುಡಿಯೊದವರು ಕೇಳಿದ್ದು ಎಂಟು. ಸ್ಟ್ರೀಮಿಂಗಿನಿಂದ ಬಂದದ್ದು ಒಂದು ಊಟದ ಖರ್ಚು. ಪೆನ್‌ಡ್ರೈವ್ ಮಾತ್ರ ಚರ್ಚಿನ ಬಾಗಿಲಲ್ಲಿ ಚೆನ್ನಾಗಿ ಹೋಗುತ್ತಿದೆ, ಹಿರಿಯರು ಇನ್ನೂ ಸಿಡಿ ಕೇಳುತ್ತಾರೆ, ಐವತ್ತು ಬರ್ನ್ ಮಾಡಿಸಬೇಕು.