ಗೋಡೆ ಕ್ಯಾಲೆಂಡರ್ ಹಿಡಿದು ಕಸ್ಟಡಿ ಜಗಳ ಮುಗಿಸಿದ್ದು: ನನ್ನ ಅನುಭವ

ಕಳೆದ ತಿಂಗಳು ನಾನು ವಕೀಲೆಯಾಗಿ ನಡೆಸಿದ ಒಂದು 13ಬಿ ಕೇಸಿಗೆ, ಅಂದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ಕೇಳುವ ವಿಚ್ಛೇದನಕ್ಕೆ, ಡಿಕ್ರಿ ಆಯಿತು. ಅರ್ಜಿ ಹಾಕಿದ ದಿನದಿಂದ ಐದೋ ಆರೋ ವಾರ ಹಿಡಿದಿರಬೇಕು. ಇಬ್ಬರು ಮಕ್ಕಳು, ತಂದೆ ಬೆಂಗಳೂರಲ್ಲಿ, ತಾಯಿ ತುಮಕೂರಲ್ಲಿ, ಮಧ್ಯೆ ಒಂದು ಸೈಟು, ಎರಡೂ ಕಡೆ ಹಟ. ಆರ್ಡರ್ ಕಾಪಿ ಬಂದ ದಿನ ಕ್ಯಾಂಟೀನಿನಲ್ಲಿ ಹಿರಿಯ ವಕೀಲರೊಬ್ಬರು ಪಕ್ಕಕ್ಕೆ ಬಂದು ಕೂತು, "ನಿನ್ನ ಆ ಕ್ಯಾಲೆಂಡರ್ ಮೆಮೊ ಒಂದು ಪ್ರತಿ ಕೊಡಮ್ಮಾ" ಅಂದರು. ಮಗು ಯಾವ ದಿನ ಯಾರ ಮನೆಯಲ್ಲಿ ಅಂತ ಕ್ಯಾಲೆಂಡರ್ ಹಾಳೆಗಳಲ್ಲಿ ಗುರುತಿಸಿ ಇಬ್ಬರೂ ಸಹಿ ಹಾಕುವ ಒಪ್ಪಂದ ಅದು. ಎಂಟು ವರ್ಷದ ಹಿಂದೆ ಇವರೇ ಎಲ್ಲರೆದುರು "ಏನಮ್ಮಾ, ಕೋರ್ಟಿಗೆ ಪಂಚಾಂಗ ತಂದಿದ್ದೀಯಾ, ಜಡ್ಜ್ ಹತ್ರ ಮುಹೂರ್ತ ಇಡಿಸ್ತೀಯಾ?" ಅಂತ ನಗಿಸಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜಂಭ ಅಂದುಕೊಂಡರೆ ಅಂದುಕೊಳ್ಳಿ.

ಕಕ್ಷಿದಾರರ ಗುರುತು ಸಿಗಬಾರದು ಅಂತ ಊರು, ಮಕ್ಕಳ ವಯಸ್ಸು ಅಲ್ಲಲ್ಲಿ ಬದಲಿಸಿದ್ದೇನೆ.

ಮೊದಲು ಕೆಡಿಸಿದ್ದನ್ನು ಹೇಳುತ್ತೇನೆ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ "ತಂದೆಯು ಅನುಕೂಲವಾದ ಸಮಯದಲ್ಲಿ ಮಗುವನ್ನು ಭೇಟಿ ಮಾಡಬಹುದು" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡೆ. ಯಾರ ಅನುಕೂಲ? ಮೂರು ತಿಂಗಳಿಗೆ ಆ ಕೇಸಿನ ಗಂಡ ನನ್ನ ಬಳಿಗೇ ವಾಪಸ್ ಬಂದ. ಆದೇಶ ಜಾರಿ ಮಾಡಿಸೋಕೆ ಎಕ್ಸಿಕ್ಯೂಷನ್ ಹಾಕಿದೆವು, ಅಬ್ಜೆಕ್ಷನ್ ಬಂತು, ಐ.ಎ. (ಮಧ್ಯಂತರ ಅರ್ಜಿ) ಮೇಲೆ ಐ.ಎ. ಎರಡು ವರ್ಷ ಎಳೆಯಿತು. ನಿಜ ಹೇಳಬೇಕೆಂದರೆ ನಾನೇ ಬರೆದ ಆ ಕೆಟ್ಟ ಸಾಲಿನಿಂದ ನನಗೇ ಹತ್ತಿರ ಹತ್ತಿರ 60 ಸಾವಿರ ಫೀಸು ಬಂತು. ಆ ದುಡ್ಡಲ್ಲಿ ಸ್ಕೂಟರ್ ತಗೊಂಡೆ. ಆ ಹುಡುಗಿ ಎರಡು ವರ್ಷದಲ್ಲಿ ಅಪ್ಪನನ್ನು ನೋಡಿದ್ದು ಏಳೆಂಟು ಸಲ, ಅದೂ ಕೋರ್ಟಿನ ಮಕ್ಕಳ ಕೋಣೆಯಲ್ಲಿ.

ಇದಾದ ಮೇಲೆ ಬುದ್ಧಿ ಬಂತು ಅಂತ ಪೂರ್ತಿ ಆ ಕಡೆಗೆ ವಾಲಿದೆ. "ಶನಿವಾರ ಸಂಜೆ 5ಕ್ಕೆ ಕರೆದುಕೊಂಡು ಹೋಗಿ ಭಾನುವಾರ ಸಂಜೆ 7ಕ್ಕೆ ಬಿಡತಕ್ಕದ್ದು." ನೆಲಮಂಗಲದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಅಪ್ಪ ತುಮಕೂರು ಮುಟ್ಟಿದಾಗ 7.40. ಅಷ್ಟರಲ್ಲಿ ಹೆಂಡತಿ ಸ್ಟೇಷನ್ನಿನಲ್ಲಿ ದೂರು ಬರೆಯುತ್ತಿದ್ದಳು. ಈಗ ಒಂದು ಗಂಟೆ ವಿನಾಯಿತಿ ಇಟ್ಟು, ತಡವಾಗುತ್ತೆ ಅಂದರೆ ಮೆಸೇಜ್ ಹಾಕಬೇಕು ಅಂತ ಬರೆಯುತ್ತೇನೆ. ಆಗಬಹುದಾದರೆ ರೈಲಿನಲ್ಲೇ ಬನ್ನಿ ಅಂತ ಬಾಯಲ್ಲಿ ಹೇಳುತ್ತೇನೆ.

ಕ್ಯಾಲೆಂಡರ್ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಒಬ್ಬಾಕೆ ಕಕ್ಷಿದಾರೆ ಗೋಡೆ ಕ್ಯಾಲೆಂಡರನ್ನೇ ಸುತ್ತಿಕೊಂಡು ಆಫೀಸಿಗೆ ತಂದಿದ್ದರು. ಗಂಡ ಮಗುವನ್ನು ನೋಡೋಕೆ ಬಂದ ದಿನ ಹಸಿರು, ಬರುತ್ತೇನೆಂದು ಬಾರದ ದಿನ ಕೆಂಪು. ಇದನ್ನು ಎಕ್ಸಿಬಿಟ್ ಮಾಡಿ ಮೇಡಂ ಅಂದರು. ಎವಿಡೆನ್ಸಾಗಿ ಅದು ಎಷ್ಟು ನಿಲ್ಲುತ್ತಿತ್ತೋ, ಬಿಡಿ. ನನಗೆ ಹೊಳೆದದ್ದು ಬೇರೆ. ಆಗಿಹೋದ ವರ್ಷಕ್ಕೆ ಬಣ್ಣ ಹಚ್ಚೋ ಬದಲು ಬರೋ ವರ್ಷಕ್ಕೆ ಹಚ್ಚಿಸಿದರೆ?

ಈಗ ನಾನು ಮಾಡುವುದು ಇಷ್ಟು. ಅರ್ಜಿ ಟೈಪ್ ಮಾಡಿಸುವ ಮೊದಲು ಇಬ್ಬರನ್ನೂ, ಎದುರು ವಕೀಲರನ್ನೂ ಕರೆಸಿ, ಮೇಜಿನ ಮೇಲೆ ತಿಂಗಳಿಗೊಂದು ಹಾಳೆಯ ದೊಡ್ಡ ಕ್ಯಾಲೆಂಡರ್ ಹರಡುತ್ತೇನೆ. ಎರಡು ಬಣ್ಣದ ಪೆನ್ನು. ಕಸ್ಟಡಿ ಅನ್ನೋ ಪದ ಆ ಕೋಣೆಯಲ್ಲಿ ಯಾರೂ ಆಡುವ ಹಾಗಿಲ್ಲ. "ಮಗು ಯಾರಿಗೆ" ಅಂತ ಕೇಳಿದರೆ ಮದುವೆ ಛತ್ರದಲ್ಲಿ ಯಾರು ಯಾರಿಗೆ ಏನಂದರು ಅನ್ನೋದರಿಂದ ಜಗಳ ಶುರುವಾಗುತ್ತೆ. "ಅಕ್ಟೋಬರ್ 12ರ ರಾತ್ರಿ ಮಗು ಎಲ್ಲಿ ಮಲಗುತ್ತೆ" ಅಂತ ಕೇಳಿದರೆ ಇಬ್ಬರೂ ಮೊಬೈಲ್ ತೆಗೆದು ತಮ್ಮ ಡ್ಯೂಟಿ ನೋಡುತ್ತಾರೆ.

ಮೊದಲು ತುಂಬುವುದು ಶಾಲೆಯ ರಜೆಗಳನ್ನು. ಸ್ಟೇಟ್ ಸಿಲಬಸ್ಸಿನ ದಸರಾ ರಜೆ ಬೇರೆ, ಸಿಬಿಎಸ್‌ಇಯವರದು ಬೇರೆ. ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ಓದುತ್ತಿದ್ದರೆ ಇದೊಂದೇ ಒಂದು ಸಿಟ್ಟಿಂಗ್ ತಿನ್ನುತ್ತೆ. ಆಮೇಲೆ ಹಬ್ಬ. ಇಲ್ಲೂ ಒಂದು ಏಟು ತಿಂದಿದ್ದೇನೆ. 2023ರಲ್ಲಿ ಗಣೇಶನ ಹಬ್ಬ ಸೆಪ್ಟೆಂಬರ್ 18ಕ್ಕೆ ಬಂತು. ಜಾಣತನದಿಂದ "ಪ್ರತಿ ವರ್ಷ ಸೆಪ್ಟೆಂಬರ್ 17ರಿಂದ 19ರವರೆಗೆ ತಾಯಿಯ ಬಳಿ" ಅಂತ ಬರೆದಿಟ್ಟೆ. 2025ರಲ್ಲಿ ಹಬ್ಬ ಆಗಸ್ಟ್ 27ಕ್ಕೇ ಬಂತು. ಹಬ್ಬದ ದಿನ ಮಗು ಅಪ್ಪನ ಮನೆಯಲ್ಲಿ, ಇತ್ತ ಅಮ್ಮ ಬಾಗಿನ ಇಟ್ಟುಕೊಂಡು ನನಗೆ ಫೋನು. ಈಗ ತಾರೀಖು ಬರೆಯಲ್ಲ, ಹಬ್ಬದ ಹೆಸರು ಬರೆಯುತ್ತೇನೆ. ಗೌರಿ ಹಬ್ಬ ತಾಯಿಗೆ, ಅದರಲ್ಲಿ ಯಾವ ಗಂಡಸೂ ಜಗಳ ಆಡಿದ್ದು ನೋಡಿಲ್ಲ. ಆಯುಧಪೂಜೆ ಸಾಮಾನ್ಯವಾಗಿ ತಂದೆಗೆ, ಅದರಲ್ಲೂ ಗ್ಯಾರೇಜು, ಲಾರಿ ಇಟ್ಟವರಿಗೆ ಅದು ಪ್ರಾಣ. ಯುಗಾದಿ ಸಮ ವರ್ಷ ಒಬ್ಬರಿಗೆ, ಬೆಸ ವರ್ಷ ಇನ್ನೊಬ್ಬರಿಗೆ.

ಕೊನೆಗೆ ರಾತ್ರಿಗಳನ್ನು ಎಣಿಸುತ್ತೇವೆ. ಅರ್ಧಕ್ಕೆ ಅರ್ಧ ಬೇಕೇ ಬೇಕು ಅಂತ ಮೇಜು ಕುಟ್ಟಿದ್ದ ಒಬ್ಬ ತಂದೆ, ತನ್ನ ನೈಟ್ ಶಿಫ್ಟ್, ಟೂರು ಎಲ್ಲ ಕಳೆದು ತಾನೇ ಬಣ್ಣ ಹಚ್ಚಿದಾಗ ಬಂದದ್ದು 110 ರಾತ್ರಿ. ನಾನು ಒಂದು ಮಾತೂ ಆಡಲಿಲ್ಲ. ಅದೇ ನೂರಾಹತ್ತನ್ನು ಕೋರ್ಟು ಕೊಟ್ಟಿದ್ದರೆ ಅಪೀಲು ಹಾಕಿಸುತ್ತಿದ್ದ.

ಅರ್ಧರ್ಧದ ಪ್ರಯೋಗವನ್ನೂ ಮಾಡಿ ನೋಡಿದ್ದೇನೆ. 2013ರಲ್ಲಿ ನಮ್ಮ ಹೈಕೋರ್ಟೇ ಒಂದು ಮಗುವನ್ನು ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ ಇರಿಸಿದ್ದು ನೆನಪಿರಬೇಕು. ಅದನ್ನೇ ಹಿಡಿದು ನಾನೂ ಒಂದು ಮೆಮೊ ಮಾಡಿದೆ. ಮನೆ ಮನೆಗೆ 70 ಕಿಲೋಮೀಟರ್ ದೂರ, ಮಗು ಎರಡನೇ ಕ್ಲಾಸು. ಜುಲೈ ಬರುವುದರೊಳಗೆ ಇಬ್ಬರಿಗೂ ಸಾಕಾಗಿ ಹೋಯಿತು. ಎರಡು ಮನೆಯಿಂದಲೂ ಒಂದೇ ಶಾಲೆಗೆ ಹೋಗೋಕಾಗಬೇಕು, ಇಲ್ಲದಿದ್ದರೆ ಸುಮ್ನೆ ಆ ತಂಟೆಗೆ ಹೋಗಬೇಡಿ. ಗೂಗಲ್ ಕ್ಯಾಲೆಂಡರ್ ಕೂಡ ಒಂದು ನಾಲ್ಕು ಜೋಡಿಗೆ ಹಾಕಿಕೊಟ್ಟೆ. ರಾತ್ರಿ ಹನ್ನೊಂದಕ್ಕೆ ಒಬ್ಬರು ದಿನ ಬದಲಿಸೋದು, ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸೋದು. ಕಾಗದಕ್ಕೇ ವಾಪಸ್ ಬಂದೆ.

ಅಮೆರಿಕದ ಅಪ್ಪಂದಿರದು ಇನ್ನೊಂದು ಕಥೆ. "ಭಾನುವಾರ ಬೆಳಿಗ್ಗೆ 8ಕ್ಕೆ ವಿಡಿಯೊ ಕಾಲ್" ಅಂತ ಬರೆದೆ. ನ್ಯೂಜೆರ್ಸಿಯಲ್ಲಿ ಅದು ಬೇಸಿಗೆಯಲ್ಲಿ ಶನಿವಾರ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಅವರು ಗಡಿಯಾರ ಹಿಂದೆ ಮುಂದೆ ಮಾಡ್ತಾರೆ ಅನ್ನೋದು ನನಗೆ ಹೊಳೆಯಲೇ ಇಲ್ಲ. ನವೆಂಬರಿನಲ್ಲಿ ಅವನು ತನ್ನ ಹತ್ತೂವರೆಗೇ ಫೋನು ಮಾಡಿದರೆ ಇಲ್ಲಿ ಒಂಬತ್ತು, ಮಗು ಸಂಗೀತ ಕ್ಲಾಸಿಗೆ ಹೋಗಿಯಾಗಿತ್ತು. ಈಗ "ಭಾರತೀಯ ಕಾಲಮಾನ" ಅಂತ ಎರಡು ಪದ ಸೇರಿಸುತ್ತೇನೆ.

ದುಡ್ಡಿನ ವಿಷಯದಲ್ಲಿ ನನ್ನ ದೊಡ್ಡ ಪೆಟ್ಟು ಡಿಡಿ. ಪೂರ್ತಿ ಜೀವನಾಂಶದ ಡಿಡಿಯನ್ನು ಮೊದಲ ಮೋಷನ್ (ಇಬ್ಬರೂ ಕೂಡಿ ಅರ್ಜಿ ಹಾಕುವ ಹಂತ) ದಿನವೇ ತೆಗೆಸಿ ಫೈಲಿನಲ್ಲಿಟ್ಟೆ, ಹನ್ನೆರಡು ಲಕ್ಷದ್ದು ಅಂತ ನೆನಪು. ಒಪ್ಪಿಗೆಯನ್ನು ಮತ್ತೆ ಹೇಳುವ ಎರಡನೇ ಮೋಷನ್ನಿಗೆ ಆರು ತಿಂಗಳು. ಡಿಡಿಯ ಆಯಸ್ಸು ಮೂರು ತಿಂಗಳು! ಆ ದಿನ ಕೋರ್ಟ್ ಹಾಲಿನಲ್ಲಿ ಆಕೆಯ ಅಣ್ಣ ನನ್ನನ್ನು ನೋಡಿದ ನೋಟ ಮರೆಯಲ್ಲ. ಇದಕ್ಕೆ ಉಲ್ಟಾದ್ದನ್ನೂ ಕಂಡಿದ್ದೇನೆ. ದುಡ್ಡು ಪೂರ್ತಿ ಮೊದಲೇ ಕೊಟ್ಟ ಗಂಡ, ಎರಡನೇ ಮೋಷನ್ ದಿನ ಹೆಂಡತಿ ಒಪ್ಪಿಗೆ ಇಲ್ಲ ಅಂದಳು. ಡಿಕ್ರಿ ಆಗುವವರೆಗೆ ಒಪ್ಪಿಗೆ ಹಿಂತೆಗೆಯಬಹುದು ಅಂತ ಸುಪ್ರೀಂ ಕೋರ್ಟಿನ 1991ರ ಸುರೇಷ್ಟಾ ದೇವಿ ತೀರ್ಪಿನಿಂದಲೂ ಇದೆಯಲ್ಲ. ಹಾಗಾಗಿ ಕಾಲು ಭಾಗ ಮೊದಲು, ಉಳಿದದ್ದು ಡಿಕ್ರಿ ದಿನ ಹೊಸ ಡಿಡಿಯಲ್ಲಿ, ಮಗುವಿನ ಪಾಲು ಮಗುವಿನ ಹೆಸರಲ್ಲಿ ಎಫ್‌ಡಿ. ಸುಪ್ರೀಂ ಕೋರ್ಟಿನ 2020ರ ರಜನೇಶ್ ತೀರ್ಪಿನ ಆಸ್ತಿ ಅಫಿಡವಿಟ್ಟನ್ನು ಕ್ಯಾಲೆಂಡರ್ ಹರಡುವ ಮೊದಲೇ ಇಬ್ಬರ ಕೈಲೂ ತುಂಬಿಸುತ್ತೇನೆ. ಸಂಬಳ ಎಷ್ಟು ಅಂತ ಗೊತ್ತಿಲ್ಲದೆ ಸ್ಕೂಲ್ ಫೀಸು ಹಂಚೋಕಾಗಲ್ಲ. ಫೀಸು ವರ್ಷಕ್ಕೆ ಶೇಕಡ ಹತ್ತು ಏರುತ್ತೆ ಅಂತಲೇ ಹಿಡಿಯುತ್ತೇನೆ, ಏರೇ ಏರುತ್ತೆ.

ಎರಡನೇ ಮೋಷನ್ನಿಗೆ ಕಾಯುವ ಆರು ತಿಂಗಳ ಮಾಫಿಗೂ ಕ್ಯಾಲೆಂಡರ್ ಉಪಯೋಗಕ್ಕೆ ಬಂತು, ಇದು ನಾನೂ ಎಣಿಸಿರಲಿಲ್ಲ. ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ತೀರ್ಪು ಏನು ಕೇಳುತ್ತೆ? ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ರಾಜಿ ಯತ್ನ ಮುಗಿದಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ನಿಜವಾಗಿಯೂ ಇತ್ಯರ್ಥ ಆಗಿರಬೇಕು. "ಇತ್ಯರ್ಥವಾಗಿದೆ" ಅಂತ ಬರೀ ಐ.ಎ. ಹಾಕಿದಾಗ ಮುಂದೂಡಿಕೆ ಮೇಲೆ ಮುಂದೂಡಿಕೆ. ಇಬ್ಬರ ಸಹಿ ಇರುವ ಹನ್ನೆರಡು ಹಾಳೆ ಲಗತ್ತಿಸಿದಾಗ ಜಡ್ಜ್ ಒಂದೊಂದೇ ತಿರುವಿ, ದಸರಾ ಹಾಳೆಯ ಹತ್ತಿರ ನಿಂತು, "ಅಜ್ಜಿ ಮನೆಗೆ ಯಾವಾಗ?" ಅಂತ ಮಾತ್ರ ಕೇಳಿದರು. ಅಜ್ಜಿ ತಾತನ ದಿನಗಳನ್ನು ಎಲ್ಲಿ ತೂರಿಸುತ್ತೇನೆ, ಪೆನ್ನು ಮೊದಲು ಯಾರ ಕೈಗೆ ಕೊಡುತ್ತೇನೆ, ಇವೆರಡನ್ನು ಇಲ್ಲಿ ಬರೆಯಲ್ಲ. ನನ್ನ ಹೊಟ್ಟೆಪಾಡೂ ಇದೆಯಲ್ಲ.

ಹೊಟ್ಟೆಪಾಡು ಅಂದೆ. ಕಂಟೆಸ್ಟ್ ಮಾಡಿದರೆ ಒಂದು ಕೇಸು ನಾಲ್ಕು ವರ್ಷದಲ್ಲಿ ಒಂದೂವರೆ ಲಕ್ಷ ತರುತ್ತೆ. ಕ್ಯಾಲೆಂಡರ್ ದಾರಿಯಲ್ಲಿ 40, 45 ಸಾವಿರ, ಮೂರು ತಿಂಗಳಲ್ಲಿ ಫೈಲ್ ಕ್ಲೋಸ್. ಮೊದಲ ವರ್ಷ ನನ್ನ ಆದಾಯ ಮೂರನೇ ಒಂದು ಭಾಗ ಬಿದ್ದುಹೋಯಿತು. ಜೂನಿಯರ್ ಹುಡುಗ "ಮೇಡಂ, ಇಲ್ಲಿ ಕ್ರಾಸ್ (ಸಾಕ್ಷಿಯ ಪಾಟೀಸವಾಲು) ಕಲಿಯೋಕೇ ಆಗ್ತಿಲ್ಲ" ಅಂತ ಬಿಟ್ಟು ಹೋದ. ಮನೆಯವರೂ ಗೊಣಗಿದರು. ಮೂರನೇ ವರ್ಷದಿಂದ ಡಿವೋರ್ಸ್ ಆದವರೇ ತಮ್ಮ ಆಫೀಸಿನವರನ್ನು ಕಳಿಸತೊಡಗಿದರು. ಹೋದ ವರ್ಷ ಮೂವತ್ತರ ಆಸುಪಾಸು ಬಂದವು, ಇಪ್ಪತ್ತನಾಲ್ಕೋ ಇಪ್ಪತ್ತೈದೋ ಮುಗಿದವು. ಮತ್ತೆ ಜಗಳ ಆಡಿಕೊಂಡು ಬಂದವರು ಮೂರು ಜೋಡಿ.

ಎಲ್ಲರಿಗೂ ಇದು ಆಗಲ್ಲ. ಹೊಡೆತ ಬಡಿತ ಇರುವ ಮನೆಯವರನ್ನು ನಾನು ಒಂದೇ ಮೇಜಿಗೆ ಕೂರಿಸಲ್ಲ. ಒಮ್ಮೆ ಕೂರಿಸಿದ್ದೆ. ಆಕೆ ಎಲ್ಲದಕ್ಕೂ ತಲೆಯಾಡಿಸುತ್ತಾ ಹೋದರು, ಎರಡು ಗಂಟೆಯಲ್ಲಿ ಹನ್ನೆರಡು ಹಾಳೆ ಮುಗಿಯಿತು. ನನ್ನ ರೆಕಾರ್ಡು ಅಂತ ಖುಷಿಪಟ್ಟೆ. ಮೆಟ್ಟಿಲು ಇಳಿಯುವಾಗ ಆಕೆ "ಅವರು ಪೆನ್ನು ಹಿಡಿದಾಗ ನನಗೆ ಕೈ ನಡುಗ್ತಿತ್ತು" ಅಂದರು. ಹಾಳೆಗಳನ್ನು ಅಲ್ಲೇ ಹರಿದು ಹಾಕಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣೆಯ ಆದೇಶ ಕೇಳಿ, ಜೊತೆಗೇ 21ನೇ ಕಲಮಿನಲ್ಲಿ ತಾತ್ಕಾಲಿಕ ಕಸ್ಟಡಿ ತಗೊಂಡೆವು. ಈಗ ಹೆಂಗಸರ ಜೊತೆ ಒಂದು ಸಿಟ್ಟಿಂಗ್ ಒಬ್ಬರನ್ನೇ ಕೂರಿಸಿಕೊಂಡು ಮಾತಾಡದೆ ಕ್ಯಾಲೆಂಡರ್ ತೆಗೆಯಲ್ಲ.

ಇನ್ನೂ ಕೂರದೇ ಇರುವುದು ಪಿಯುಸಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮಗುವನ್ನು ಹಾಸ್ಟೆಲ್ಲಿರುವ ಕಾಲೇಜಿಗೆ ಹಾಕಿ ನೀಟ್ ಕೋಚಿಂಗ್ ಕೊಡಿಸಬೇಕು ಅನ್ನುತ್ತಾರೆ. ಎರಡು ವರ್ಷ ಮಗು ಯಾರ ಮನೆಯಲ್ಲೂ ಇರಲ್ಲ, ಕ್ಯಾಲೆಂಡರಿನ ಮನೆಗಳೆಲ್ಲ ಖಾಲಿ. ಹಾಸ್ಟೆಲ್ಲಿನವರು ತಿಂಗಳಿಗೊಂದು ಭಾನುವಾರ ಭೇಟಿಗೆ ಬಿಡುತ್ತಾರೆ, ಆ ಒಂದು ಭಾನುವಾರಕ್ಕೆ ಇಬ್ಬರೂ ಹಕ್ಕು ಕೇಳುತ್ತಾರೆ. ಫೀಸು ವರ್ಷಕ್ಕೆ ಎರಡು, ಎರಡೂವರೆ ಲಕ್ಷ. ಮೆಮೊ ಬರೆಯುವಾಗ ಮಗು ಮೂರನೇ ಕ್ಲಾಸಿನಲ್ಲಿತ್ತು, ಇದನ್ನು ಯಾರು ಯೋಚಿಸಿದ್ದರು? ಏಳನೇ ಕ್ಲಾಸು ಮುಗಿದಾಗ ಮತ್ತೆ ಕೂತು ನೋಡಬೇಕು ಅಂತ ಒಂದು ಷರತ್ತು ಸೇರಿಸಿ ನೋಡಿದೆ, ಕೂರೋಕೆ ಒಬ್ಬರೂ ಬರಲಿಲ್ಲ. ಅಂಥದೇ ಒಂದು ಜೋಡಿ ಈ ಶನಿವಾರ ಹನ್ನೊಂದಕ್ಕೆ ಬರುತ್ತಿದೆ. ಹಾಸ್ಟೆಲ್ ಭಾನುವಾರದ ಬಗ್ಗೆ ಯಾರಾದರೂ ನಿಲ್ಲುವಂಥ ಷರತ್ತು ಬರೆದಿದ್ದರೆ ಶುಕ್ರವಾರದೊಳಗೆ ತಿಳಿಸಿ. ಅದಕ್ಕೆ ಬದಲಾಗಿ ಅಜ್ಜಿ ತಾತನ ಗುಟ್ಟು ಹೇಳಿಕೊಡುತ್ತೇನೆ.